ಕ್ಯಾಮರಾ ಹಾಕದವರು

“ಕ್ಯಾಮರಾ ಹಾಕದೆ ಕುಳಿತಿರುವ ಸೂಪರ್‌ವೈಸರ್ ಯಾರು?”

ನ್ಯಾಯಾಧೀಶರು ಅರಬ್ಬಿಯಲ್ಲಿ ಕೇಳಿದ್ದನ್ನು ದುಭಾಷಿ ಹಸೀನ ಹಿಂದಿಗೆ ತಿರುಗಿಸಿದಳು. ಆ ಸೂಪರ್‌ವೈಸರ್, ಲಿಯೋ, ಫೋನನ್ನು ಸ್ಟೀರಿಂಗಿನ ಮರೆಗೆ ಸರಿಸಿದ. ಜೆಬೆಲ್ ಅಲಿಯ ಕೈಗಾರಿಕಾ ಪ್ರದೇಶದಲ್ಲಿ, ಬೀಗ ಬಿದ್ದ ಗೋಡೌನಿನ ಹಿಂದಿನ ಮರಳಿನಲ್ಲಿ ಅವನ ಕಾರು ನಿಂತಿತ್ತು. ಎಸಿ ಓಡುತ್ತಿದ್ದರೂ ಟೈ ಕಟ್ಟಿದ ಕತ್ತು ಬೆವರುತ್ತಿತ್ತು.

ಫೋನಿನ ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು. ಲೇಬರ್ ಕೋರ್ಟಿನ ಆನ್‌ಲೈನ್ ವಿಚಾರಣೆಯೆಂದರೆ ಹೀಗೆಯೇ. ಒಂದೇ ಲಿಂಕಿಗೆ ಎಲ್ಲರೂ ಬರುತ್ತಾರೆ, ಸರದಿ ಬಂದವರು ಮುಖ ತೋರಿಸುತ್ತಾರೆ, ಉಳಿದವರು ಕತ್ತಲಲ್ಲಿ ಕಾಯುತ್ತಾರೆ. ಆ ಕತ್ತಲ ಚೌಕಗಳ ನಡುವೆ ತಾನೂ ಒಬ್ಬನಾಗಿ ತಪ್ಪಿಸಿಕೊಳ್ಳಬಹುದೆಂದು ಲಿಯೋ ಲೆಕ್ಕ ಹಾಕಿದ್ದ.

ಆದರೆ ಈ ನ್ಯಾಯಾಧೀಶರು ಬಿಡುವವರ ಪೈಕಿ ಅಲ್ಲ. ಲೇಬರ್ ಕ್ಯಾಂಪುಗಳಿಗೆ ಊಟ ಒದಗಿಸುತ್ತಿದ್ದ, ಲಿಯೋ ಕೆಲಸಕ್ಕಿದ್ದ ಕಂಪನಿ ಮುಚ್ಚಿಹೋಗಿತ್ತು. ಬಾಕಿ ಸಂಬಳದಲ್ಲಿ ಅರ್ಧವನ್ನೂ ಊರಿನ ಟಿಕೆಟನ್ನೂ ಕೊಡುತ್ತೇವೆ, ಅಲ್ಲಿಗೆ ಮುಗಿಯಿತು ಎಂದು ಕಂಪನಿಯ ವಕೀಲ ರಾಜಿಪತ್ರ ತಂದಿದ್ದ. ಎಲ್ಲರೂ ಒಪ್ಪಿದ್ದಾರೆ ಎಂದ. ನ್ಯಾಯಾಧೀಶರು ನಂಬಲಿಲ್ಲ. ಪ್ರತಿಯೊಬ್ಬರೂ ಮುಖ ತೋರಿಸಿ, ಯಾರ ಒತ್ತಾಯವೂ ಇಲ್ಲವೆಂದು ಬಾಯಿಬಿಟ್ಟು ಹೇಳಬೇಕು. ಒಬ್ಬರು ಉಳಿದರೂ ರಾಜಿಗೆ ಮಂಜೂರಾತಿ ಇಲ್ಲ.

ಅಡುಗೆಯವರು ಹೇಳಿದರು. ಪಾತ್ರೆ ತೊಳೆಯುವವರು, ವ್ಯಾನಿನ ಚಾಲಕರು ಹೇಳಿದರು. ಉಳಿದವನು ಒಬ್ಬನೇ.

ಇದೇ ಲಿಯೋ ಹಿಂದೆ ಅವರಿಗೆಲ್ಲ ಬುದ್ಧಿ ಹೇಳಿದ್ದ. ಕೋರ್ಟು ಗೀರ್ಟು ಬೇಡ, ಸಂಬಳ ಇವತ್ತಲ್ಲ ನಾಳೆ ಬರುತ್ತದೆ ಎಂದಿದ್ದ. ಟೈ ಕಟ್ಟಿದವನ ಮಾತೆಂದು ಅವರು ನಂಬಿದರು. ಅವನ ಸಂಬಳವೂ ನಿಂತಿದೆಯೆಂದು ಅವರಿಗೇನು ಗೊತ್ತು? ಕೊನೆಗೆ ದೂರು ಹೋದಾಗ, ಎಲ್ಲರ ಹೆಸರಿನ ಕೆಳಗೆ ತನ್ನದನ್ನೂ ಸೇರಿಸೆಂದು ಮುಂದಾಳು ಫಾರಿಸ್‌ನನ್ನು ಗುಟ್ಟಾಗಿ ಬೇಡಿಕೊಂಡಿದ್ದ. ಅವತ್ತು ಅವನಿಗೆ ತಲೆ ಎತ್ತಲಾಗಿರಲಿಲ್ಲ.

ಅದಕ್ಕಿಂತ ದೊಡ್ಡ ನಾಚಿಕೆ ಮನೆಯಲ್ಲಿತ್ತು. ಹೆಂಡತಿ ಎಮಿಲಿಯಾಗೆ ಅವನು ಏನನ್ನೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಟೈ ಕಟ್ಟಿ ಹೊರಡುವುದು, ಕಾರಿನಲ್ಲೋ ಮಾಲ್‌ನಲ್ಲೋ ಹೊತ್ತು ಕಳೆಯುವುದು, ಸಂಜೆ ಸುಸ್ತಾದವನಂತೆ ಬರುವುದು. ಎಮಿಲಿಯಾ ಕರಾಮಾದ ಕ್ಲಿನಿಕ್ ಒಂದರಲ್ಲಿ ನರ್ಸ್. ಮನೆ ಬಾಡಿಗೆ ಅವಳ ಪಾಲು, ಮಗಳು ಶಾರನ್‌ಳ ಶಾಲೆಯ ಫೀಸು ಅವನ ಪಾಲು. ತನ್ನ ಪಾಲನ್ನು ಅವನು ಕ್ರೆಡಿಟ್ ಕಾರ್ಡಿನಲ್ಲಿ ಉಜ್ಜಿ ಉಜ್ಜಿ ತಳ್ಳುತ್ತಿದ್ದ. ಹೆಂಡತಿಯ ಸಂಬಳದ ಅನ್ನ ತಿನ್ನುತ್ತಿದ್ದೇನೆ ಎನಿಸಿ ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ.

ಅವಳಿಗೆ ಸಂಶಯ ಬಂದಿದೆಯೆಂದೇ ಅವನ ಎಣಿಕೆ. ಇತ್ತೀಚೆಗೆ ಮಾತು ಕಡಿಮೆ. ಬೇಗ ಹೊರಡುತ್ತಾಳೆ, ತಡವಾಗಿ ಬರುತ್ತಾಳೆ. ಔಷಧಿ ನೀರಿನಲ್ಲಿ ತೊಳೆದು ತೊಳೆದು ಬಿರಿದ ಕೈಗಳಿಗೆ ಎಣ್ಣೆ ಹಚ್ಚುತ್ತ, ಆಫೀಸಿನ ಸುದ್ದಿಯನ್ನೇ ಕೇಳುವುದಿಲ್ಲ.

ಇವತ್ತು ಬೆಳಿಗ್ಗೆ ಮಾತ್ರ ಬಾಯಿ ಬಿಟ್ಟಿದ್ದಳು. “ಮಧ್ಯಾಹ್ನದವರೆಗೆ ಫೋನ್ ಮಾಡ್ಲಿಕ್ಕೆ ಹೋಗ್ಬೇಡಿ. ಕ್ಲಿನಿಕ್ಕಲ್ಲಿ ಇನ್‌ಸ್ಪೆಕ್ಷನ್ ಉಂಟು.”

“ನಂಗೂ ಮೀಟಿಂಗ್ ಉಂಟು,” ಎಂದಿದ್ದ ಲಿಯೋ.

“ಹೌದಾ,” ಎಂದು ಅವಳು ಅವನ ಟೈ ಸರಿಮಾಡಿದಳು. ಮುಖ ನೋಡಲಿಲ್ಲ.

ಈಗ ಫೋನಿನಲ್ಲಿ ಫಾರಿಸ್‌ನ ದನಿ ಕನ್ನಡದಲ್ಲೇ ಕೇಳಿಸಿತು. “ಲಿಯೋ ಸಾರ್, ನೀವು ಇದ್ದೀರಿ ಅಂತ ನಮ್ಗೆ ಗೊತ್ತುಂಟು. ಕ್ಯಾಮರಾ ಹಾಕಿ ಮಾರಾಯ್ರೆ. ಇಷ್ಟು ಜನ ಊರಿಗೆ ಹೋಗ್ಲಿಕ್ಕೆ ಕಾಯ್ತಾ ಇದ್ದಾರೆ. ನಿಮ್ಮಿಂದ ಕೆಡೂದು ಬೇಡ.”

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. ಲಿಯೋ ಟೈ ಬಿಚ್ಚಿ ಪಕ್ಕದ ಸೀಟಿಗೆ ಎಸೆದ. ಗುಂಡಿ ಒತ್ತಿದ. ತನ್ನ ಮುಖ ತನಗೇ ಕಾಣಿಸಿತು.

“ನೀವು ಕಂಪನಿಯ ಕಡೆಯೋ, ಕೆಲಸಗಾರರ ಕಡೆಯೋ?” ನ್ಯಾಯಾಧೀಶರು ಹಸೀನಳ ಮೂಲಕ ಕೇಳಿದರು.

“ಕೆಲಸಗಾರರ ಕಡೆ. ನನಗೂ ಸಂಬಳ ಬಂದಿಲ್ಲ.”

“ಹಾಗಿದ್ದರೆ ಅಡಗಿ ಕುಳಿತದ್ದು ಏಕೆ? ಯಾರಾದರೂ ಹೆದರಿಸಿದ್ದಾರೆಯೇ?”

ಹೌದೆಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ರಾಜಿ ಮುರಿಯುತ್ತದೆ, ಫಾರಿಸ್ ಊರಿಗೆ ಹೋಗಲಾಗದೆ ಮತ್ತೆ ಕ್ಯಾಂಪಿನ ಮಂಚ ಹತ್ತುತ್ತಾನೆ.

“ಯಾರೂ ಹೆದರಿಸಿಲ್ಲ ಸಾರ್. ನಾಚಿಕೆ. ಕೆಲಸ ಹೋಗಿದೆಯೆಂದು ಮನೆಯಲ್ಲಿ ಹೇಳಿಲ್ಲ. ಹೆಂಡತಿ ದುಡಿದು ಸಾಕುತ್ತಿದ್ದಾಳೆ, ನಾನು ಅವಳೆದುರು ದಿನಾ ನಾಟಕ ಆಡುತ್ತಿದ್ದೇನೆ.” ಕೊನೆಯ ಮಾತಿಗೆ ದನಿ ಒಡೆಯಿತು.

ನ್ಯಾಯಾಧೀಶರು ಕನ್ನಡಕ ತೆಗೆದು ಮೆಲ್ಲಗೆ ಏನೋ ಹೇಳಿದರು. ಹಸೀನಳ ದನಿಯೂ ಮೆತ್ತಗಾಗಿತ್ತು. “ಇಲ್ಲಿ ನಿಮ್ಮ ಮನೆಯವರು ಯಾರೂ ಇಲ್ಲ. ಮನಸ್ಸು ಬಿಚ್ಚಿ ಹೇಳಿ. ರಾಜಿಗೆ ಒಪ್ಪಿಗೆಯೇ?”

“ಒಪ್ಪಿಗೆ.”

“ಖಲಾಸ್,” ಎಂದರು ನ್ಯಾಯಾಧೀಶರು. ರಾಜಿ ಮಂಜೂರಾಯಿತು. ಫಾರಿಸ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಲಿಯೋನ ಎದೆಯ ಮೇಲಿನ ಭಾರ ಸ್ವಲ್ಪ ಇಳಿಯಿತು. ಇವತ್ತು ಸಂಜೆ ಎಮಿಲಿಯಾಗೆ ತಾನಾಗಿಯೇ ಎಲ್ಲ ಹೇಳಿಬಿಡಬೇಕು ಎಂದುಕೊಂಡ. ಹೊರಬೀಳಲು ಬೆರಳು ಪರದೆಯ ಮೇಲೆ ಗುಂಡಿ ಹುಡುಕತೊಡಗಿತು.

“ಮುಂದಿನ ಕೇಸು,” ಹಸೀನ ಓದಿದಳು. “ಕರಾಮಾದಲ್ಲಿ ಮುಚ್ಚಿಹೋದ ಕ್ಲಿನಿಕ್‌ನ ಸಿಬ್ಬಂದಿ, ಸಂಬಳ ಬಾಕಿ. ಆಗಿನಿಂದ ಕಾಯುತ್ತಿರುವವರೆಲ್ಲ ಈಗ ಕ್ಯಾಮರಾ ಹಾಕಿ.”

ಕತ್ತಲ ಚೌಕಗಳು ಒಂದೊಂದಾಗಿ ತೆರೆದವು. ಕಟ್ಟಕಡೆಯದರಲ್ಲಿ, ಯಾರದೋ ವಿಲ್ಲಾದ ಅಡುಗೆಮನೆಯ ಸಿಂಕಿನ ಪಕ್ಕ, ಒದ್ದೆ ಏಪ್ರನ್ ತೊಟ್ಟು ನಿಂತಿದ್ದ ಎಮಿಲಿಯಾ ಕಣ್ಣೊರೆಸಿಕೊಳ್ಳುತ್ತಿದ್ದಳು.