ಲೆನ್ಸು ಹತ್ತಿದ ಬೆಟ್ಟ

ದಿನಾ ಬೆಟ್ಟ ಹತ್ತಲೇಬೇಕು ಎಂದರು ಡಾಕ್ಟರು. ತುದಿಯ ಮಂಟಪದ ಫೋಟೊ ತಂದು ತೋರಿಸಿದರೆ ಮಾತ್ರ ತಿಂಡಿ ಎಂದಳು ಹೆಂಡತಿ.

ಅವನು ಹಕ್ಕಿಗಳ ನೆಪ ಹೇಳಿ ಮೊಳದುದ್ದದ ಜೂಮ್ ಲೆನ್ಸು ಕೊಂಡ. ಬೆಳಿಗ್ಗೆ ಅವಳು ಹೂವಿಗೆಂದು ಹೊರಟ ಮೇಲೆ ತಾರಸಿಗೆ ಹೋಗಿ, ನೀರಿನ ಟ್ಯಾಂಕಿನ ಮೇಲೆ ಲೆನ್ಸು ಊರಿ, ದೂರದ ಮಂಟಪವನ್ನು ಕ್ಲಿಕ್ಕಿಸುತ್ತಿದ್ದ. ಆಮೇಲೆ ಮುಖಕ್ಕೆ ನೀರು ಚಿಮುಕಿಸಿಕೊಂಡು, ಏದುಸಿರು ಬಿಡುತ್ತ ಸೋಫಾದಲ್ಲಿ ಬೀಳುತ್ತಿದ್ದ.

ಒಂದು ದಿನ ಅವಳು ತಡವಾಗಿ ಬಂದಳು. ದೋಸೆಗೆ ಕಾವಲಿ ಇಟ್ಟು, ಕ್ಯಾಮೆರಾದಲ್ಲಿ ಫೋಟೊ ದೊಡ್ಡದು ಮಾಡಿ ನೋಡಿದಳು.

"ಮಂಟಪದಲ್ಲಿ ಬೆನ್ನು ಹಾಕಿ ಕೂತಿರೋ ಹಸಿರು ಸೀರೆಯವರು ಯಾರು?"

"ಯಾರೋ ಪಾಪ, ಒಬ್ಬರೇ ಬಂದಿದ್ರು. ನಾನೇ ಮಾತಾಡಿಸಿದೆ."

"ಏನಂದ್ರು?"

"ಅವರ ಗಂಡ ಮಹಾ ಸೋಮಾರಿಯಂತೆ, ಮನೆ ಬಿಟ್ಟು ಅಲ್ಲಾಡಲ್ಲವಂತೆ. ನಿಮ್ಮನ್ನ ಕಟ್ಕೊಂಡೋರು ಪುಣ್ಯವಂತರು ಅಂದ್ರು."

ಅವಳು ಒಲೆ ಆರಿಸಿದಳು.

"ಆ ಸೀರೆ ಹೋದ ಗೌರಿ ಹಬ್ಬಕ್ಕೆ ನೀವೇ ಕೊಡಿಸಿದ್ದು ಕಣ್ರೀ."