ಅಳದ ಮಗುವಿಗೆ ಸೀಟು

ಬಾಗಿಲಾಚೆ ಮಗುವೊಂದು ಗಂಟಲು ಹರಿಯುವಂತೆ ಅತ್ತಿತು. ದಂತವೈದ್ಯೆ ಕಿವಿಗೊಟ್ಟು ಕೇಳಿದಳು. ತನ್ನ ಮಗಳಲ್ಲ. ಸದ್ಯ!

ಆ ಶಿಶುವಿಹಾರದಲ್ಲಿ ಉಳಿದಿದ್ದದ್ದು ಒಂದೇ ಸೀಟು. ಬಂದಿದ್ದವರು ಆರು ಮಕ್ಕಳು. ನಿಯಮ ಸರಳ: ಅಪ್ಪ ಅಮ್ಮ ಹೊರಗೆ, ಮಕ್ಕಳು ಎರಡು ಗಂಟೆ ಒಳಗೆ. ಅತ್ತವರ ಹೆಸರಿಗೆ ಮುಖ್ಯೋಪಾಧ್ಯಾಯಿನಿ ಗೀಟು ಎಳೆಯುತ್ತಾರೆ. ಮೂರೂವರೆ ವರ್ಷದವರ ಮನಸ್ಸಿನ ಪಕ್ವತೆಯನ್ನು ಅಳೆಯಲು ಇದಕ್ಕಿಂತ ಸುಲಭದ ಉಪಾಯ ಅವರಿಗೆ ಹೊಳೆದಿರಲಿಲ್ಲ.

ದಂತವೈದ್ಯೆ ಒಂದು ವರ್ಷದಿಂದ ಇದಕ್ಕೇ ಸಿದ್ಧತೆ ನಡೆಸಿದ್ದಳು. ದಿನವಿಡೀ ದೊಡ್ಡವರ ಕಣ್ಣೀರಿಗೇ ಜಗ್ಗದವಳಿಗೆ ಪುಟ್ಟ ಮಗಳ ಅಳು ಯಾವ ಮಹಾ? ಅತ್ತರೆ ಮನೆಯಲ್ಲಿ ಯಾರೂ ಮಾತಾಡಿಸುವಂತಿಲ್ಲ. ಬಚ್ಚಲಿಗೆ ಹೋಗಿ, ಸ್ಟೂಲು ಹತ್ತಿ, ಮುಖ ತೊಳೆದು, ಕನ್ನಡಿಯಲ್ಲಿ ನಕ್ಕು ನೋಡಿಕೊಂಡ ಮೇಲೇ ಹೊರಗೆ ಬರಬೇಕು. ಗಂಡ ಗಡಿಯಾರ ನೋಡಿ ಸಮಯ ಬರೆದಿಡುತ್ತಿದ್ದ. ನಲವತ್ತು ನಿಮಿಷ ಹಿಡಿಯುತ್ತಿದ್ದದ್ದು ನಲವತ್ತು ಸೆಕೆಂಡಿಗೆ ಇಳಿದಿತ್ತು. ಒಮ್ಮೆ ಮನಸ್ಸು ತಡೆಯದೆ ಮೊಮ್ಮಗಳನ್ನು ಎತ್ತಿಕೊಂಡ ಅಜ್ಜಿಯನ್ನು ಮರುದಿನವೇ ಬಸ್ಸು ಹತ್ತಿಸಿಯಾಗಿತ್ತು.

ಸೀಟು ಕೈತಪ್ಪಿದರೆ ದಂತವೈದ್ಯೆ ಕ್ಲಿನಿಕ್ಕಿನಲ್ಲಿ ತಲೆ ಎತ್ತುವಂತಿರಲಿಲ್ಲ. ಬಾಯಿ ತೆರೆದು ಕೂತ ಪ್ರತಿ ರೋಗಿಯೆದುರೂ ತನ್ನ ಪದ್ಧತಿಯ ಬಗ್ಗೆ ಕೊಚ್ಚಿಕೊಂಡಿದ್ದಳು. ಪಾಪ, ಅವರು ಎದುರಾಡುವ ಸ್ಥಿತಿಯಲ್ಲೂ ಇರಲಿಲ್ಲ.

ಆದರೆ ಫಲ ಕಣ್ಣೆದುರೇ ಇತ್ತು. ಬೆಳಿಗ್ಗೆ ಉಳಿದ ಮಕ್ಕಳು ಹೆತ್ತವರ ಕಾಲಿಗೆ ಜೋತುಬಿದ್ದಾಗ ಇವಳ ಮಗಳು ತಾನೇ ಕೈ ಬಿಡಿಸಿಕೊಂಡು, ಹಿಂತಿರುಗಿಯೂ ನೋಡದೆ ಒಳಗೆ ಓಡಿದ್ದಳು. ಹೆಮ್ಮೆಯಿಂದ ತಾಯಿಯ ಎದೆ ಉಬ್ಬಿತ್ತು.

ಒಳಗಿನ ಅಳು ಜೋರಾಯಿತು. ಪಕ್ಕದ ಬೆಂಚಿನಲ್ಲಿದ್ದ ದರ್ಜಿ ದಡಕ್ಕನೆ ಎದ್ದ.

“ಕೂತ್ಕೊಳ್ಳಿ. ಈಗ ಹೋದ್ರೆ ನಿಮ್ಮ ಮಗಳ ಸೀಟು ಹೋಗುತ್ತೆ,” ಎಂದಳು ದಂತವೈದ್ಯೆ.

“ಹೋಗ್ಲಿ ಬಿಡಿ ಮೇಡಂ. ಮಗು ಅಳ್ತಿದೆಯಲ್ಲ.”

ಅವನು ಒಳಗೆ ಹೋಗಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದ. ಅವಳು ಅಪ್ಪನ ಅಂಗಿಗೆ ಮೂಗು ಒರೆಸಿ ಸುಮ್ಮನಾದಳು.

“ಹೀಗೆ ಮುದ್ದು ಮಾಡಿ ಮಾಡೇ ಅಳುಮುಂಜಿ ಮಾಡಿದ್ದೀರಿ.”

“ನಿಮ್ಮ ಮಗು ಅಳೋದೇ ಇಲ್ವಾ?”

“ನಮ್ಮನೇಲಿ ಆ ಅಭ್ಯಾಸ ಇಲ್ಲ.”

ದರ್ಜಿ ಮಗಳ ಬೆನ್ನು ತಟ್ಟುತ್ತ ಹೊರಟುಹೋದ.

ಹನ್ನೊಂದಕ್ಕೆ ಬಾಗಿಲು ತೆರೆಯಿತು. ಐದು ಹೆಸರಿಗೆ ಗೀಟು ಬಿದ್ದಿತ್ತು. ದಂತವೈದ್ಯೆಯ ಮಗಳು ಮಾತ್ರ ಆಯಾಳ ತೊಡೆಯ ಮೇಲೆ ಕೂತು, ಮರದ ತುಂಡುಗಳನ್ನು ಪೇರಿಸುತ್ತ, ಬಿದ್ದಾಗಲೆಲ್ಲ ಕೇಕೆ ಹಾಕಿ ನಗುತ್ತಿದ್ದಳು.

“ಇಂಥ ಮಗೂನ ನಾನು ನೋಡೇ ಇಲ್ಲ,” ಎಂದರು ಮುಖ್ಯೋಪಾಧ್ಯಾಯಿನಿ. “ಸೀಟು ನಿಮ್ಮದೇ. ಇನ್ನು ಕರ್ಕೊಂಡು ಹೋಗಿ.”

ದಂತವೈದ್ಯೆ ಎಲ್ಲರಿಗೂ ಕಾಣುವಂತೆ ತೋಳು ಚಾಚಿದಳು. “ಬಾ ಚಿನ್ನ, ಮನೆಗೆ ಹೋಗೋಣ.”

ಹುಡುಗಿ ಆಯಾಳ ಕೊರಳನ್ನು ಎರಡೂ ಕೈಗಳಿಂದ ಬಿಗಿದಪ್ಪಿ, ಹೋ ಎಂದು ಅತ್ತಳು.