ಹೂದಾನಿಯ ನೀರು

ಪಾಸಿಂಗ್ ಅಜ್ಜಿಯ ಮನೆಯಲ್ಲಿ, ತೀರಿಹೋದ ಗಂಡನ ಫೋಟೊದ ಮುಂದಿದ್ದ ಗಾಜಿನ ಹೂದಾನಿಯನ್ನು ಜೊವೆಲಿನ್ ಎತ್ತಿ ಬೆಳಕಿಗೆ ಹಿಡಿದಳು. ಹೂವಿನ ಕಾಂಡಗಳ ನಡುವೆ ಸೊಳ್ಳೆಯ ಮರಿಹುಳಗಳು ನಾಲ್ಕೈದು ಬಳುಕುತ್ತಿದ್ದವು. ಅದನ್ನು ಹಾಗೆಯೇ ಬಾಗಿಲಿಗೆ ತಂದು ಗಲ್ಲಿಗೆಲ್ಲ ಕಾಣುವಂತೆ ತೋರಿಸಿದಳು.

"ರೆನ್‌ರೆನ್‌ಗೆ ಡೆಂಗಿ ಎಲ್ಲಿಂದ ಬಂತು ಅಂತ ಕೇಳ್ತಿದ್ರಲ್ಲ, ನೋಡಿ, ಇಲ್ಲಿಂದ."

ಐದು ವರ್ಷದ ರೆನ್‌ರೆನ್ ಆಸ್ಪತ್ರೆ ಸೇರಿದ ಮೇಲೆ ಫಿಲಿಪೀನ್ಸಿನ ಇಲೋಯ್ಲೊ ಊರಿನ ಆ ಗಲ್ಲಿಯ ಹುಡುಗ ಹುಡುಗಿಯರು ಮನೆಮನೆ ಹೊಕ್ಕು ನಿಂತ ನೀರು ಹುಡುಕುತ್ತಿದ್ದರು. ಹದಿನೇಳರ ಜೊವೆಲಿನ್ ಅವರ ಮುಂದಾಳು. ಶಾಲೆಯಲ್ಲಿ ಆರೋಗ್ಯದ ಬಗ್ಗೆ ಭಾಷಣ ಮಾಡಿ ಬಹುಮಾನ ಪಡೆದವಳು.

"ಭಾನುವಾರ ಭಾನುವಾರ ನೀರು ಬದಲಾಯಿಸ್ತೀನಮ್ಮಾ," ಎಂದಳು ಅಜ್ಜಿ, ಹಳೆಯ ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ಈ ಸಲ ಮಂಡಿನೋವು ಅಂತ ಚರ್ಚಿಗೂ ಹೋಗ್ಲಿಲ್ಲ. ಹಾಗೇ ಬಿಟ್ಟೋಯ್ತು."

"ನಿಮ್ಮ ಮಂಡಿನೋವು ಸೊಳ್ಳೆಗೇನು ಗೊತ್ತು ಅಜ್ಜಿ?"

ಯಾರೋ ನಕ್ಕರು. ಜೊವೆಲಿನ್ ಹೂವನ್ನೂ ನೀರನ್ನೂ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಸುರಿದಳು. ಅಜ್ಜಿ ಬಗ್ಗಿ ಹೂವುಗಳನ್ನು ಮಾತ್ರ ಒಂದೊಂದಾಗಿ ಆರಿಸಿಕೊಂಡಳು.

ಅಂದಿನಿಂದ ಅಜ್ಜಿ ಮಾರುವ ಇಬೋಸ್ ಕಡುಬನ್ನು ಯಾರೂ ಕೊಳ್ಳಲಿಲ್ಲ. ತೆಂಗಿನ ಹಾಲಲ್ಲಿ ಬೆಂದ ಅಂಟಕ್ಕಿಯನ್ನು ಗರಿಯಲ್ಲಿ ಸುತ್ತಿ, ಬುಟ್ಟಿ ತುಂಬ ಇಟ್ಟುಕೊಂಡು ಅವಳು ಬಾಗಿಲಲ್ಲಿ ಕೂತಿರುತ್ತಿದ್ದಳು. ಸಂಜೆ ಬುಟ್ಟಿಯನ್ನು ಹಾಗೆಯೇ ಒಳಗೆ ಎಳೆದುಕೊಳ್ಳುತ್ತಿದ್ದಳು. ಜೊವೆಲಿನ್ ಅದನ್ನು ಕಂಡೂ, ಹೀಗಾದರೂ ಜನ ಎಚ್ಚೆತ್ತುಕೊಂಡರಲ್ಲ ಎಂದುಕೊಂಡಳು.

ರಜೆ ಮುಗಿಯುತ್ತ ಬಂದಾಗ ಅವಳು ಶಾಲೆಯ ಬಿಳಿ ಬೂಟುಗಳನ್ನು ಹುಡುಕಿದಳು.

"ನನ್ನ ಕೇಳಿದ್ರೆ?" ಎಂದಳು ತಾಯಿ ಅಡುಗೆಮನೆಯಿಂದ. "ರಜೆ ಶುರುವಾದಾಗ ನೆನೆ ಹಾಕ್ತೀನಿ ಅಂತ ಬೇಸಿನ್ ಎತ್ಕೊಂಡು ಹಿತ್ತಲಿಗೆ ಹೋದೋಳು ನೀನು. ಆಮೇಲೆ ಆ ಕಡೆ ತಲೆ ಹಾಕಿದ್ಯಾ?"

ಬೇಸಿನ್ನು ಬಿದಿರ ಬೇಲಿಯ ಪಕ್ಕದಲ್ಲೇ ಇತ್ತು. ಸೋಪಿನ ನೀರು ಮಳೆಗೆ ಎಂದೋ ತುಂಬಿ ಹರಿದುಹೋಗಿತ್ತು. ಪಾಚಿಗಟ್ಟಿದ ಬೂಟುಗಳ ಸುತ್ತ ನೀರೇ ಕಾಣದಷ್ಟು ಹುಳಗಳು. ಅವಳ ನೆರಳು ಬಿದ್ದದ್ದೇ ಅಷ್ಟೂ ಒಟ್ಟಿಗೆ ತಳಕ್ಕೆ ಇಳಿದವು. ಜೊವೆಲಿನ್ ತಲೆ ಎತ್ತಿದಳು. ಬೇಲಿಯಾಚೆ ಕೈಗೆಟಕುವಷ್ಟು ಹತ್ತಿರದಲ್ಲಿ ರೆನ್‌ರೆನ್ ಮಲಗುವ ಕೋಣೆಯ ಕಿಟಕಿ.

ಗಲ್ಲಿಯ ಎಲ್ಲ ಮನೆಗಳನ್ನೂ ಹೊಕ್ಕು ನೋಡಿದವಳು ತನ್ನ ಮನೆಯ ಹಿತ್ತಲನ್ನು ನೋಡಿರಲಿಲ್ಲ. ನೋಡಬೇಕೆಂದು ಹೊಳೆದೇ ಇರಲಿಲ್ಲ.

ಬೇಸಿನ್ನನ್ನು ಒಣನೆಲಕ್ಕೆ ಬೋರಲು ಹಾಕಿದಳು. ಯಾರೂ ಕಂಡಿರಲಿಲ್ಲ. ಯಾವ ಮನೆಯ ಸೊಳ್ಳೆ ಕಚ್ಚಿತೆಂದು ಯಾರಿಗೆ ಗೊತ್ತು ಎಂದು ತನಗೇ ಹೇಳಿಕೊಂಡಳು. ಹೇಳಿಕೊಂಡ ಮರುಕ್ಷಣವೇ ಅವಳ ಮುಖಕ್ಕೆ ಬಿಸಿ ಏರಿತು. ಈ ಮಾತು ಅಜ್ಜಿಯ ಬಾಗಿಲಲ್ಲಿ ಯಾಕೆ ನೆನಪಾಗಲಿಲ್ಲ?

ಅಜ್ಜಿ ಬುಟ್ಟಿಯ ಮೇಲಿನ ನೊಣ ಓಡಿಸುತ್ತ ಕೂತಿದ್ದಳು. ಜೊವೆಲಿನ್ ಎದುರಿಗೆ ಕುಕ್ಕರಗಾಲಲ್ಲಿ ಕೂತು, ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಬಯ್ಯಲಿ ಎಂದು ಕಾದಳು. ಬಯ್ದಿದ್ದರೆ ಹಗುರವಾಗುತ್ತಿತ್ತು.

"ಓದಿರೋ ಹುಡುಗಿ ಹೇಳಿದ್ಮೇಲೆ ನಾನೂ ನಂಬಿಬಿಟ್ಟೆ ಕಣೇ," ಎಂದಳು ಅಜ್ಜಿ ಮೆಲ್ಲಗೆ. "ಮಂಡಿ ಎಳ್ಕೊಂಡು ಆಸ್ಪತ್ರೆಗೆ ಹೋದೆ. ಆ ಮಗುವಿನ ಅಮ್ಮ ಗ್ಲೋರ್ ಹತ್ರ, ಕ್ಷಮಿಸಮ್ಮಾ, ನಿನ್ನ ಮಗೂಗೆ ನನ್ನಿಂದ ಹೀಗಾಯ್ತು ಅಂದೆ. ಅವಳು ಮುಖ ತಿರುಗಿಸ್ಕೊಂಡ್ಳು. ಹೆತ್ತ ತಾಯಿ, ಇನ್ನೇನ್ ಮಾಡ್ತಾಳೆ ಅಂತ ವಾಪಸ್ ಬಂದೆ."

ಜೊವೆಲಿನ್ ಅಂಗೈಯಿಂದ ಕಣ್ಣು ಒರೆಸಿಕೊಂಡಳು.

"ಅಳ್ಬೇಡ. ನನ್ನ ಹತ್ರ ಹೇಳಿದ್ದು ಆಯ್ತಲ್ಲ. ಇನ್ನು ಎಲ್ಲಿ ಹೇಳ್ಬೇಕೋ ಅಲ್ಲಿಗೆ ಹೋಗು. ಅವರು ಇವತ್ತು ಮನೆಗೆ ಬಂದಿದ್ದಾರೆ."

ರೆನ್‌ರೆನ್‌ನ ಮನೆಯ ಬಾಗಿಲು ತೆರೆದೇ ಇತ್ತು. ಹುಡುಗ ದಿಂಬಿಗೆ ಒರಗಿ ಕೂತಿದ್ದ. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. ತಾಯಿ ಗ್ಲೋರ್ ಗಂಜಿ ಆರಿಸಿ ತಿನ್ನಿಸುತ್ತಿದ್ದಳು.

"ಬಾ, ಬಾ, ಅಲ್ಲೇ ಯಾಕೆ ನಿಂತೆ?" ಗ್ಲೋರ್‌ಳ ದನಿಯಲ್ಲಿ ಬಹಳ ದಿನದ ಮೇಲೆ ನಗು ಇತ್ತು. "ಜ್ವರ ಬಿಟ್ಟಿತು ನೋಡು. ತಾನಾಗಿ ಊಟ ಕೇಳ್ತಿದ್ದಾನೆ. ನೀನು ಹುಡುಕಿ ತೋರಿಸದೇ ಇದ್ದಿದ್ರೆ ಆ ಮುದುಕಿ ಇನ್ನೂ ಎಷ್ಟು ಮಕ್ಕಳನ್ನ ಮಲಗಿಸ್ತಿದ್ಲೋ. ರೆನ್‌ರೆನ್, ಅಕ್ಕಂಗೆ ಥ್ಯಾಂಕ್ಸ್ ಹೇಳು."

ಹುಡುಗ ನಾಚಿಕೊಂಡು ನಕ್ಕ. ಜೊವೆಲಿನ್ ಹೊಸ್ತಿಲು ದಾಟಲಿಲ್ಲ.

"ಗ್ಲೋರಕ್ಕಾ, ಅಜ್ಜಿ ಅಲ್ಲ. ನಿಮ್ಮ ಕಿಟಕಿ ಪಕ್ಕ, ಬೇಲಿ ಆಚೆ, ನನ್ನ ಬೂಟು ನೆನೆಸಿಟ್ಟು ಮರೆತಿದ್ದೆ. ಬೇಸಿನ್ ತುಂಬಾ ಹುಳ ಇತ್ತು."

ಗ್ಲೋರ್‌ಳ ಕೈಯಲ್ಲಿದ್ದ ಚಮಚ ಅರ್ಧದಾರಿಯಲ್ಲಿ ನಿಂತಿತು. ಹುಡುಗ ಬಾಯಿ ತೆರೆದುಕೊಂಡೇ ಕಾಯುತ್ತಿದ್ದ.